ಒದ್ದೆ ಎಂದು ಬರೆದ ಗುಡ್ಡ

೨೦೨೦ರ ಏಪ್ರಿಲ್ ತಿಂಗಳ ಎರಡನೆಯ ಮಂಗಳವಾರ, ಬೆಳಿಗ್ಗೆ ಒಂಬತ್ತೂವರೆಗೆ, ನನ್ನ ಹೆಂಡತಿ ರೇಣುಕಾದೇವಿ ಲಿಂಗೈಕ್ಯಳಾದ ಸುದ್ದಿ ಫೋನಿನಲ್ಲಿ ಬಂತು. ಕೊರೊನಾ ತಗುಲಿ ಹನ್ನೊಂದು ದಿನದಿಂದ ಅವಳು ಆಸ್ಪತ್ರೆಯಲ್ಲಿದ್ದಳು. ಆ ದಿನಗಳಲ್ಲಿ ರೋಗಿಯ ಮನೆಯವರನ್ನು ಬಾಗಿಲಿನಿಂದ ಒಳಗೆ ಬಿಡುತ್ತಿರಲಿಲ್ಲ. ಅವಳ ಮುಖವನ್ನು ನಾನು ಕೊನೆಗೆ ಕಂಡದ್ದು ಆಂಬುಲೆನ್ಸಿನ ಗಾಜಿನ ಹಿಂದೆ.

ಫೋನು ಬಂದಾಗ ನಾನು ಪೂಜೆ ಮುಗಿಸಿ ಅಡಿಗೆಮನೆಯ ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದೆ. ಮಗಳು ಸ್ಮಿತಾ ಊಟದ ಮೇಜಿನ ಮೇಲೆ ತನ್ನ ಕೆಲಸ ಹರವಿಕೊಂಡಿದ್ದಳು. ಅವಳು ಕಾಡಿನ ಬಗ್ಗೆ ಸಂಶೋಧನೆ ಮಾಡುವವಳು. ಪ್ರಯೋಗಶಾಲೆ ಮುಚ್ಚಿದ್ದರಿಂದ ಕಾಡಿನ ನೆಲದಿಂದ ತುಂಬಿಸಿ ತಂದ ಕಸದ ಚೀಲಗಳೆಲ್ಲ ಮನೆಗೆ ಬಂದಿದ್ದವು. ಪೈನ್ ಮರದ ಸೂಜಿಯೆಲೆ ಒಂದು ತಟ್ಟೆಗೆ, ತೊಗಟೆಯ ಚೂರು ಒಂದು ತಟ್ಟೆಗೆ, ಕಡ್ಡಿ ಒಂದು ತಟ್ಟೆಗೆ, ಹೀಗೆ ಚಿಮಟದಿಂದ ಬೇರೆ ಮಾಡಿ ಒಣಗಿಸಿ ತೂಗುವುದು ಅವಳ ಕೆಲಸ. ಯಾವ ಕಾಡಿನಲ್ಲಿ ಎಷ್ಟು ಕಸ ಬೀಳುತ್ತದೆ, ಅದು ಹೇಗೆ ಉರಿಯುತ್ತದೆ ಎಂದು ಅವಳು ಲೆಕ್ಕ ಇಡುತ್ತಾಳೆ.

ಅವಳು ಫೋನಿನಲ್ಲಿ ಮೂರು ಸಲ “ಎಸ್” ಅಂದಳು. ಫೋನು ಇಟ್ಟಳು. ಚಿಮಟದ ತುದಿಯಲ್ಲಿದ್ದ ತೊಗಟೆಯ ಚೂರನ್ನು ಅದರ ತಟ್ಟೆಗೇ ಹಾಕಿದಳು. ಆಮೇಲೆ, “ಅಪ್ಪಾಜಿ, ಅವ್ವ ಹೋದ್ಲು,” ಅಂದಳು.

ನಾವಿಬ್ಬರೂ ಜನವರಿಯಲ್ಲಿ ಬೈಲಹೊಂಗಲದಿಂದ ಅಮೆರಿಕಕ್ಕೆ ಮಗಳನ್ನು ನೋಡಲು ಬಂದವರು. ಮೇ ತಿಂಗಳಲ್ಲಿ ಹಿಂತಿರುಗಲು ಟಿಕೆಟ್ಟು ಇತ್ತು. ಮಾರ್ಚಿನಲ್ಲಿ ವಿಮಾನಗಳು ನಿಂತವು. ದೇಹವನ್ನು ಊರಿಗೆ ಒಯ್ಯುವ ಮಾತೇ ಇರಲಿಲ್ಲ.

ಮಧ್ಯಾಹ್ನ ಕೇಶವಮೂರ್ತಿಯವರ ಫೋನು ಬಂತು. ಅವರು ಮೈಸೂರಿನವರು. ಷಾರ್ಲಟ್‌ನ ಕನ್ನಡಿಗರ ಮನೆಗಳಲ್ಲಿ ಸಾವು ನೋವು ಆದಾಗ ಮೊದಲು ಬರುವವರು ಅವರೇ. ಈ ಸಲ ಬರುವಂತಿರಲಿಲ್ಲ, ಫೋನಿನಲ್ಲೇ ಎಲ್ಲ ಮಾಡಿದ್ದರು.

“ವೀರಣ್ಣ ಅಂಕಲ್, ನೀವೇನೂ ಯೋಚನೆ ಮಾಡ್ಬೇಡಿ. ಎಲ್ಲಾ ಕಡೆ ವೇಟಿಂಗ್ ಲಿಸ್ಟ್ ಇದೆ, ನಾನು ಹೆಂಗೋ ಮಾತಾಡಿ ಥರ್ಸ್‌ಡೇ ಹನ್ನೊಂದಕ್ಕೆ ಕ್ರಿಮೇಶನ್ ಸ್ಲಾಟ್ ಹಿಡಿದಿದೀನಿ. ಫಾರ್ಮೂ ಫಿಲ್ ಮಾಡಿ ಕಳಿಸ್ಬಿಟ್ಟೆ. ಫ್ಲೈಟ್ ಓಪನ್ ಆದ್ಮೇಲೆ ಅಸ್ಥಿ ತಗೊಂಡ್ಹೋಗಿ ಶ್ರೀರಂಗಪಟ್ಟಣದಲ್ಲಿ ಬಿಟ್ರಾಯ್ತು.”

“ಕೇಶವಮೂರ್ತಿಯವರ, ನಮ್ಮಲ್ಲಿ ಸುಡೂದಿಲ್ಲರಿ,” ಅಂದೆ.

“ಸುಡೋದಿಲ್ವಾ?”

“ಮಣ್ಣಿಗೆ ಕೊಡತೀವಿ.”

“ಅಯ್ಯೋ ರಾಮ. ಮೈಸೂರಲ್ಲಿ ನಮ್ಮ ಎದುರುಮನೆಯವರು ಲಿಂಗಾಯತರೇ. ಇಪ್ಪತ್ತು ವರ್ಷ ಅವರ ಮನೆ ಹೋಳಿಗೆ ತಿಂದಿದೀನಿ, ಇದೊಂದು ತಿಳ್ಕೊಳ್ಳಲಿಲ್ಲ ನೋಡಿ. ಫಾರ್ಮಲ್ಲಿ ಹಿಂದೂ ಅಂತ ಇತ್ತು, ಕ್ರಿಮೇಶನ್ ಅಂತ ಇತ್ತು, ಎರಡಕ್ಕೂ ಟಿಕ್ ಹಾಕ್ಬಿಟ್ಟೆ. ಇರಿ, ಈಗಲೇ ಕ್ಯಾನ್ಸಲ್ ಮಾಡಿಸ್ತೀನಿ. ಹಿಡಿಯೋದು ಕಷ್ಟ, ಬಿಡೋದೇನು, ಲೈನಲ್ಲಿ ಇನ್ನೂ ಐವತ್ತು ಜನ ಇದಾರೆ.”

ಬಿಡಿಸಿದರು. ಆದರೆ ಮಣ್ಣು ಸಿಗಬೇಕಲ್ಲ. ಮೂರು ಸ್ಮಶಾನದವರನ್ನು ಅಳಿಯ ಅಮೃತ್ ಕೇಳಿದರು. ಮೂರು ಕಡೆಯೂ ಪೆಟ್ಟಿಗೆ ಬೇಕು, ಪೆಟ್ಟಿಗೆಯ ಸುತ್ತ ಸಿಮೆಂಟಿನ ತೊಟ್ಟಿ ಬೇಕು, ಎರಡು ವಾರ ಕಾಯಬೇಕು ಎಂಬ ಉತ್ತರ. ಮಣ್ಣಿಗೆ ಮೈ ತಾಗದಂತೆ ಹೂಳುವುದು ಎಂಥ ಹೂಳುವುದು? ನಾನು ಆ ಮನೆಯ ಮೇಲುಮಹಡಿಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕುಳಿತೆ. ಕಿಟಕಿಯಿಂದ ಒಂದೇ ನಮೂನೆಯ ಹನ್ನೆರಡು ಮನೆಗಳ ಬೆನ್ನು ಕಾಣುತ್ತಿತ್ತು. ಒಂದರಿಂದಲೂ ಯಾರೂ ಹೊರಗೆ ಬರುತ್ತಿರಲಿಲ್ಲ.

ಎರಡನೆಯ ದಿನ ಸ್ಮಿತಾ ಬಾಗಿಲು ತಟ್ಟಿ, “ಅಪ್ಪಾಜಿ, ನನಗ ಒಂದ್ ಜಾಗಾ ಗೊತ್ತದ. ಆದ್ರ ಅದು ಕಾಡು,” ಅಂದಳು.

ಮನೆಯಿಂದ ಒಂದೂವರೆ ತಾಸಿನ ದಾರಿ. ವಾಲ್ಟರ್ ಹಾಯ್ಟ್ ಎಂಬ ಮುದುಕರ ಮನೆತನದ ಗುಡ್ಡ. ಲಾಂಗ್‌ಲೀಫ್ ಎಂಬ ಉದ್ದ ಸೂಜಿಯೆಲೆಯ ಪೈನ್ ಮರಗಳ ಕಾಡು ಅದು. ಒಂದು ಕಾಲಕ್ಕೆ ಈ ಸೀಮೆಯನ್ನೆಲ್ಲ ಮುಚ್ಚಿತ್ತಂತೆ, ಈಗ ಅಲ್ಲೊಂದು ಇಲ್ಲೊಂದು ಉಳಿದಿದೆ. ಆ ಕಾಡನ್ನು ಯಾರೂ ಕಡಿಯದಿರಲಿ ಎಂದು ವಾಲ್ಟರ್ ಅದನ್ನು ಒಂದು ಟ್ರಸ್ಟಿಗೆ ಒಪ್ಪಿಸಿ, ಅಲ್ಲಿ ಸತ್ತವರನ್ನು ಪೆಟ್ಟಿಗೆ ಸಿಮೆಂಟು ಇಲ್ಲದೆ, ಬರಿ ಬಟ್ಟೆಯಲ್ಲಿ ಸುತ್ತಿ ಹೂಳಲು ಜಾಗ ಕೊಡುತ್ತಿದ್ದರು. ಸಮಾಧಿ ಇರುವ ನೆಲವನ್ನು ಯಾರೂ ಮಾರಲಾರರು ಎಂಬುದು ಅವರ ಯುಕ್ತಿ. ಆ ಕಾಡನ್ನು ಹೇಗೆ ನೋಡಿಕೊಳ್ಳಬೇಕೆಂಬ ಯೋಜನೆಯನ್ನು ಎರಡು ವರ್ಷ ಹಿಂದೆ ಬರೆದುಕೊಟ್ಟವಳು ಸ್ಮಿತಾ. ಗುಡ್ಡವನ್ನು ಹನ್ನೆರಡು ತಾಕುಗಳಾಗಿ ಹಂಚಿ ನಂಬರು ಕೊಟ್ಟಿದ್ದಳು. ತನ್ನ ಸಂಶೋಧನೆಯ ಅಳತೆಗಳನ್ನೂ ಅಲ್ಲೇ ತೆಗೆಯುತ್ತಿದ್ದಳು.

ನಮ್ಮವಳನ್ನು ಏಳನೆಯ ತಾಕಿನಲ್ಲಿ, ಗುಡ್ಡದ ನೆತ್ತಿಯ ಮೇಲೆ ಮಣ್ಣಿಗೆ ಕೊಟ್ಟೆವು. ಆಸ್ಪತ್ರೆಯವರು ಮೈಯನ್ನು ಚೀಲದಲ್ಲಿ ಮುಚ್ಚಿ ಕೊಟ್ಟಿದ್ದರು, ಬಿಚ್ಚುವಂತಿರಲಿಲ್ಲ. ಕೂರಿಸಿ ಸಮಾಧಿ ಮಾಡುವುದು ನಮ್ಮ ರೀತಿ, ಅದು ಆಗಲಿಲ್ಲ. ಹುಟ್ಟಿದ ಎಂಟನೆಯ ದಿನದಿಂದ ಅವಳ ಎದೆಯ ಮೇಲಿದ್ದ ಇಷ್ಟಲಿಂಗವನ್ನು ನರ್ಸು ಬಿಚ್ಚಿ, ಬಳೆಗಳ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ನಂಬರು ಅಂಟಿಸಿ ಕೊಟ್ಟಿದ್ದಳು. ಅಂಗೈಯಲ್ಲಿ ಇಡಬೇಕಾದದ್ದನ್ನು ನಾನು ಬಟ್ಟೆಯ ಮೇಲೆ ಇಟ್ಟೆ. ಊರಿನ ಅಯ್ಯನವರು ಫೋನಿನಲ್ಲಿ ಮಂತ್ರ ಹೇಳಿದರು. ಅಮೃತ್ ಫೋನನ್ನು ಎತ್ತಿ ಹಿಡಿದಿದ್ದರು. ಅರ್ಧ ಮಂತ್ರ ಗಾಳಿಗೆ ಹೋಯಿತು. ಗುಂಡಿ ಮೂರೂವರೆ ಅಡಿ, ನನ್ನ ಎದೆಮಟ್ಟಕ್ಕೂ ಬರುವುದಿಲ್ಲ. ಅದಕ್ಕಿಂತ ಕೆಳಗೆ ತೋಡುವುದಿಲ್ಲವಂತೆ, ಬೇರುಗಳು ಉಸಿರಾಡುವ ಮಣ್ಣಿನಲ್ಲೇ ಇಡಬೇಕಂತೆ.

ಮಣ್ಣು ಎಳೆದು ಮುಗಿದ ಮೇಲೆ ನಾನು ತಲೆ ಎತ್ತಿದೆ. ಸುತ್ತಲಿನ ಪೈನ್ ಮರಗಳ ಬುಡವೆಲ್ಲ ಒಂದು ಆಳೆತ್ತರದವರೆಗೆ ಕಪ್ಪಾಗಿತ್ತು.

“ಸ್ಮಿತಾ, ಈ ಗಿಡದ ಬುಡ ಯಾಕ ಕರ್ರಗ ಆಗ್ಯಾವ?”

ಅವಳು ಬಗ್ಗಿ ಸಮಾಧಿಯ ಮಣ್ಣನ್ನು ಕೈಯಿಂದ ಸಮ ಮಾಡತೊಡಗಿದಳು. ಅವಳ ಕೆಲಸ ಬೆಂಕಿಯದು ಎಂದು ನನಗೆ ಗೊತ್ತಿಲ್ಲದ್ದೇನಲ್ಲ. ರೇಣುಕಾದೇವಿ ಅದನ್ನು ಹೇಳಿ ಹೇಳಿ ನಗುತ್ತಿದ್ದಳು: “ನಮ್ಮ ಕಡೆ ಅಡವಿಗೆ ಬೆಂಕಿ ಇಟ್ಟವನ್ನ ಗಾರ್ಡ್ ಹಿಡಕೊಂಡ್ ಹೋಗತಾನ. ಇಲ್ಲಿ ನನ್ನ ಮಗಳಿಗೆ ಬೆಂಕಿ ಇಡಾಕ ಸರ್ಟಿಫಿಕೇಟ್ ಕೊಟ್ಟಾರ.” ಆದರೆ ಆ ಬೆಂಕಿ ಬೇರೆ ಎಲ್ಲಿಯದೋ ಎಂದು ನಾನು ತಿಳಿದಿದ್ದೆ.

“ಇಲ್ಲಿ ಬೆಂಕಿ ಬರತದೇನು?” ಎಂದು ಮತ್ತೆ ಕೇಳಿದೆ.

“ಬರೂದಿಲ್ರಿ, ಅಪ್ಪಾಜಿ.”

“ಕೂರಿಸಲಿಕ್ಕೆ ಆಗಲಿಲ್ಲ. ಕೈಯಾಗ ಲಿಂಗಾ ಕೊಡಲಿಕ್ಕೆ ಆಗಲಿಲ್ಲ. ಇದೊಂದರ ಉಳೀಲಿ. ನಿನ್ನವ್ವನ ಮ್ಯಾಲೆ ಬೆಂಕಿ ಹಾಯಬಾರದು. ಮಾತು ಕೊಡು.”

ಅವಳು ಮಣ್ಣಾದ ಕೈಯನ್ನು ನನ್ನ ಕೈಮೇಲೆ ಇಟ್ಟಳು.

ಆಮೇಲೆ ನಾನು ಊರಿಗೆ ಹೋಗಲಿಲ್ಲ. ಮೊದಲು ವಿಮಾನವಿರಲಿಲ್ಲ. ವಿಮಾನ ಶುರುವಾದಾಗ, ಅವಳನ್ನು ಪರದೇಶದ ಗುಡ್ಡದಲ್ಲಿ ಬಿಟ್ಟು ಹೇಗೆ ಹೋಗಲಿ ಅನ್ನಿಸಿತು. ಮಗಳು ಇಲ್ಲಿಯ ಪೌರಳಾದ್ದರಿಂದ ನಾನು ಇಲ್ಲೇ ನೆಲೆಸಲು ನನ್ನ ಹೆಸರಿನಲ್ಲಿ ಅರ್ಜಿ ಹಾಕಿದಳು. ಅರ್ಜಿ ಹಾಕಿದ ಮೇಲೆ ಅಪ್ಪಣೆ ಇಲ್ಲದೆ ದೇಶ ಬಿಟ್ಟರೆ ಅರ್ಜಿ ಬಿದ್ದುಹೋಗುತ್ತದೆ ಅಂದರು. ಆ ಅಪ್ಪಣೆ ಬರುವುದರೊಳಗೆ ನನ್ನ ಅಣ್ಣ ತೀರಿಕೊಂಡ. ಅವನ ಕೊನೆಯ ಮೆರವಣಿಗೆಯನ್ನು ಅಂಗೈ ಅಗಲದ ಫೋನಿನಲ್ಲಿ ನೋಡಿದೆ. ಕೊನೆಗೆ ಗ್ರೀನ್ ಕಾರ್ಡು ಬಂತು. ಅಷ್ಟರಲ್ಲಿ ಸೋಮವಾರಗಳು ನನ್ನನ್ನು ಹಿಡಿದುಬಿಟ್ಟಿದ್ದವು.

ವಾರದಲ್ಲಿ ಆರು ದಿನ ನಾನು ಆ ಮನೆಯಲ್ಲಿರುತ್ತಿದ್ದೆ. ನನಗೆ ಕಾರು ಓಡಿಸಲು ಬಾರದು. ಆ ಬಡಾವಣೆಯ ಫುಟ್‌ಪಾತು ಕಡೆಯ ಮನೆಯ ಮುಂದೆ ಮುಗಿಯುತ್ತದೆ, ಅದರಾಚೆ ದೊಡ್ಡ ರಸ್ತೆ. ಕಡೆಯ ಮನೆಯವರೆಗೆ ನಡೆದು ತಿರುಗಿ ಬರುತ್ತಿದ್ದೆ. ಸೋಮವಾರ ಮಾತ್ರ ಸ್ಮಿತಾ ತನ್ನ ಅಳತೆಯ ಕೆಲಸಕ್ಕೆ ಗುಡ್ಡಕ್ಕೆ ಹೋಗುವಾಗ ನನ್ನನ್ನೂ ಕರೆದೊಯ್ಯುತ್ತಿದ್ದಳು. ಅವಳು ಉಳಿದ ತಾಕುಗಳಲ್ಲಿ ಟೇಪು ಹಿಡಿದು ತಿರುಗುತ್ತಿದ್ದಳು. ನಾನು ಸಮಾಧಿಯ ಹತ್ತಿರ ಕುಳಿತು ವಿಭೂತಿ ಹಚ್ಚಿ, ಮನೆಯ ಕುಂಡದ ಬಿಲ್ವದ ಎಲೆ ಇಟ್ಟು, ಜಪ ಮಾಡುತ್ತಿದ್ದೆ.

ವರ್ಷದಿಂದ ವರ್ಷಕ್ಕೆ ಏಳನೆಯ ತಾಕು ಬೇರೆಯಾಗತೊಡಗಿತು. ಬೇರೆ ತಾಕುಗಳಲ್ಲಿ ಮರಗಳ ನಡುವೆ ಆಕಾಶ ಕಾಣುತ್ತಿತ್ತು, ನೆಲದ ಮೇಲೆ ಹುಲ್ಲು, ಹುಲ್ಲಿನಲ್ಲಿ ಹಳದಿ ಹೂ. ನಮ್ಮದರಲ್ಲಿ ಸ್ವೀಟ್‌ಗಮ್ ಎಂಬ ಅಗಲ ಎಲೆಯ ಮರದ ಸಸಿಗಳು ಗುಂಪುಗುಂಪಾಗಿ ಎದ್ದು, ಮುಳ್ಳುಬಳ್ಳಿ ಹೆಣೆದುಕೊಂಡು, ಕಾಲಿಟ್ಟರೆ ಸೂಜಿಯೆಲೆ ಕಣಕಾಲು ಮುಚ್ಚುತ್ತಿತ್ತು. ಜಪಕ್ಕೆ ಕೂತು ಎದ್ದರೆ ಪಂಚೆಯ ತುಂಬ ಉಣ್ಣೆಹುಳ. ನಾನು ಅದನ್ನು ನೆರಳು ಎಂದುಕೊಂಡೆ. ಅವಳಿಗೆ ಬಿಸಿಲು ಆಗುತ್ತಿರಲಿಲ್ಲ, ಆ ಬಿಸಿಲು ತಪ್ಪಿತು ಎಂದು ಸಮಾಧಾನಪಟ್ಟೆ.

ಹೋದ ವರ್ಷಕ್ಕೆ ಹಿಂದಿನ ವರ್ಷ, ಅಂದರೆ ೨೦೨೪ರ ಫೆಬ್ರವರಿಯ ಒಂದು ಸೋಮವಾರ, ವಾಲ್ಟರ್ ಕೋಲೂರಿಕೊಂಡು ನನ್ನ ಹತ್ತಿರ ಬಂದರು. ಅವರಿಗೆ ಎಂಬತ್ತು ದಾಟಿದೆ. ಅವರ ಇಂಗ್ಲಿಷು ಅರ್ಧ ಬಾಯೊಳಗೇ ಉಳಿಯುವಂಥದು, ನಾನು ನಮ್ಮೂರಿನ ಶಾಲೆಯಲ್ಲಿ ಕಲಿಸಿದ ಇಂಗ್ಲಿಷಲ್ಲ. ಆದರೂ ನಾಲ್ಕು ವರ್ಷದಲ್ಲಿ ಕಿವಿಗೆ ಅಭ್ಯಾಸವಾಗಿತ್ತು. ಅವರು ಪಕ್ಕದಲ್ಲಿ ಕುಳಿತರು.

“ನಿಮ್ಮ ಮಗಳಂಥ ಕೆಲಸಗಾರ್ತಿ ನನಗೆ ಸಿಕ್ಕಿಲ್ಲ,” ಅಂದರು. “ಆದರೆ ಪ್ರತಿ ವರ್ಷ ಬೆಂಕಿ ಹಾಕುವ ಕಾಲ ಬಂದಾಗ ಏಳನೆಯ ತಾಕು ಒದ್ದೆ, ಈ ಸಲ ಬಿಡೋಣ ಎಂದು ಬರೆಯುತ್ತಾಳೆ. ನನ್ನ ಅಜ್ಜ ಇದೇ ನೆತ್ತಿಯಲ್ಲಿ ಬಾವಿ ತೋಡಿಸಿದ. ತೊಂಬತ್ತು ಅಡಿಗೂ ನೀರು ಕಾಣಲಿಲ್ಲ.” ಕೋಲನ್ನು ಕಸದೊಳಗೆ ಒತ್ತಿದರು. ಅದು ಒಂದು ಗೇಣು ಇಳಿಯಿತು. “ನಾನು ಏನೂ ಕೇಳುವುದಿಲ್ಲ. ಆದರೆ ಏಪ್ರಿಲಿನಲ್ಲಿ ಟ್ರಸ್ಟಿನವರು ತಪಾಸಣೆಗೆ ಬರುತ್ತಾರೆ. ಅವರು ಕೇಳುತ್ತಾರೆ.”

ನನ್ನ ಮಗಳು ಸುಳ್ಳು ಬರೆದಿದ್ದಳು. ಮೂವತ್ತಾರು ವರ್ಷ ನಾನು ಮಕ್ಕಳ ಹಾಜರಿ ಪುಸ್ತಕದಲ್ಲಿ ಒಂದು ಗೆರೆ ತಪ್ಪು ಹಾಕದೆ ಹೆಡ್‌ಮಾಸ್ತರಿಕೆ ಮಾಡಿದವನು. ಅವಳೂ ಅದೇ ಶಾಲೆಯಲ್ಲಿ ಓದಿದವಳು.

ತಿರುಗಿ ಬರುವಾಗ ದೊಡ್ಡ ರಸ್ತೆಯಲ್ಲಿ ಎಲ್ಲೋ ಮುಂದೆ ಅಪಘಾತವಾಗಿ ಕಾರುಗಳು ನಿಂತವು. ಎಡಗಡೆ ಲಾರಿ, ಬಲಗಡೆ ಸಿಮೆಂಟಿನ ಗೋಡೆ. ಅಲ್ಲಿ ಕೇಳಿದೆ.

“ಏಳನೇ ತಾಕು ಒದ್ದಿ ಅದ ಏನು?”

ಅವಳು ಸ್ಟಿಯರಿಂಗಿನ ಮೇಲಿನ ಕೈ ತೆಗೆಯಲಿಲ್ಲ. “ವಾಲ್ಟರ್ ಹೇಳಿದ್ರೇನು?”

“ನಾ ಕೇಳಿದ್ದಕ್ಕ ಹೇಳು.”

“ಇಲ್ರಿ. ಒಣಾ ಅದ. ಇಡೀ ಗುಡ್ಡದಾಗ ಅದಷ್ಟ ಒಣಾ ಜಾಗಾನ ಇಲ್ಲ.”

“ನಾ ಎಂದರ ನಿನಗ ಸುಳ್ಳ ಬರಿ ಅಂದೇನೇನು?”

“ಬರಿ ಅನ್ಲಿಲ್ಲ,” ಅಂದಳು. “ಬ್ಯಾರೆ ದಾರಿನೂ ಇಡ್ಲಿಲ್ಲ.”

ಕಾರು ಅರ್ಧ ತಾಸು ಅಲ್ಲೇ ನಿಂತಿತ್ತು. ಇಳಿದು ಹೋಗಲು ಇಬ್ಬರಿಗೂ ಜಾಗವಿರಲಿಲ್ಲ.

ಮುಂದಿನ ಸೋಮವಾರ ಅವಳು ನನ್ನನ್ನು ಏಳನೆಯ ತಾಕಿನ ಒಂದು ಹಳೆಯ ಪೈನ್ ಮರದ ಬುಡಕ್ಕೆ ಕರೆದೊಯ್ದಳು. ಮೊಣಕಾಲೂರಿ ಕಸವನ್ನು ಚಾಕುವಿನಿಂದ ರೊಟ್ಟಿ ಕೊಯ್ದಂತೆ ಕೊಯ್ದು ತೋರಿಸಿದಳು. ಮೇಲೆ ಈ ವರ್ಷದ ಸೂಜಿಯೆಲೆ, ಒಣಗಿ ಕೆಂಪಾದದ್ದು. ಅದರ ಕೆಳಗೆ ಹಿಂದಿನ ವರ್ಷದ್ದು, ಬೂದುಬಣ್ಣ. ಅದರ ಕೆಳಗೆ ಕೊಳೆತು ಕಪ್ಪಾದ ಪದರ, ನಶ್ಯದ ಹಾಗೆ ಮೆತ್ತಗೆ. ಆ ಕಪ್ಪಿನೊಳಗೆ ಕೂದಲೆಳೆಯಂಥ ಬಿಳಿ ಬೇರುಗಳು ಹಬ್ಬಿದ್ದವು.

“ಈ ಗಿಡಕ್ಕ ಎರಡ ವರ್ಷಕ್ಕೊಮ್ಮೆ ಬೆಂಕಿ ಬೇಕು ಅಪ್ಪಾಜಿ. ಹುಲ್ಲ ಸುಟ್ಟು ಹೋಗಿಬಿಡತದ, ಗಿಡಾ ಮೈ ಜಾಡಿಸಿಕೊಂಡು ನಿಂತಂಗ. ನೀವು ಒಂದ್ ಮಾಲಿ ಜಪಾ ಮಾಡೂದ್ರಾಗ ಬೆಂಕಿ ದಾಟಿ ಹೋಗಿರತದ. ಎರಡ ಬಟ್ಟ ಕೆಳಗಿನ ಮಣ್ಣಿಗೆ ಗೊತ್ತೂ ಆಗೂದಿಲ್ಲ. ಬೆಂಕಿ ನಿಲ್ಲಿಸಿದ್ರ ಹಿಂಗ ಕಸಾ ಕೂಡತದ. ಗಿಡಾ ಬೇರ ಮ್ಯಾಲೆ ಕಳಸತದ. ಆಮ್ಯಾಲೆ ಬೆಂಕಿ ಬಿತ್ತು ಅಂದ್ರ ಅದು ದಾಟೂದಿಲ್ಲ, ಕುಂಡರತದ. ದಿನಗಟ್ಟಲೆ ಒಳಗೊಳಗ ಹೊಗೀತದ. ಗಿಡಾ ಸಾಯತದ.”

“ಯಾರ ಹಚ್ಚತಾರ ಬೆಂಕಿ? ನೀ ಹಚ್ಚದಿದ್ರ ಆತಲ್ಲ.”

“ಸಿಡ್ಲ ಹಚ್ಚತದ. ರಸ್ತಾದಾಗ ಸಿಗರೇಟ್ ಒಗದವರು ಹಚ್ಚತಾರ. ಪಕ್ಕದವರು ಕಸಾ ಸುಡತಾರ. ಹಚ್ಚೂ ದಿನಾ ಯಾವುದು ಅಂತ ನಾ ಬರೇ ಆರಿಸತೀನಿ, ಅಪ್ಪಾಜಿ. ಬೆಂಕಿ ಬರೂದನ್ನ ನಿಲ್ಲಿಸಾಕ ನನ್ನ ಕೈಲೆ ಆಗೂದಿಲ್ಲ.”

ನಾನು ಕೇಳಬಾರದಿದ್ದದ್ದನ್ನು ಕೇಳಿದೆ. “ಈಗ ಹಂಗ ಬಂದ್ರ, ನಿನ್ನವ್ವಗ ಎಷ್ಟ ಮುಟ್ಟತದ?”

ಅವಳು ಚಾಕು ಒರೆಸುತ್ತ ಕುಳಿತಳು. “ಮಣ್ಣಿನಿಂದ ಮುಟ್ಟೂದಿಲ್ಲ. ಆದ್ರ ಸತ್ತ ಗಿಡದ ಬೊಡ್ಡಿ ಬೇರು ಎಣ್ಣಿ ಇದ್ದಂಗ ಇರತದ. ಅದು ಹತ್ತಿದ್ರ ಬೆಂಕಿ ಬೇರ ಹಿಡಕೊಂಡು ಕೆಳಗ ಇಳೀತದ. ಐದ ಫೂಟ, ಆರ ಫೂಟ. ಅವ್ವನ ಎಡಕ್ಕ ಎರಡ ಹೆಜ್ಜಿಗೆ ಒಂದ್ ಗಿಡಾ ಅದ.”

ನಾನು ಸುಮಾರು ಹೊತ್ತು ಆ ಮರವನ್ನೇ ನೋಡಿದೆ. ಬೆಂಕಿ ಬೇಡವೆಂದು ಹಟ ಹಿಡಿದು ನಾಲ್ಕು ವರ್ಷದಿಂದ ಅವಳ ತಲೆಯ ಮೇಲೆ ಸೌದೆ ಒಟ್ಟಿದ್ದವನು ನಾನು. ಬೇಡವೆಂದರೂ ಬೆಂಕಿ, ಬೇಕೆಂದರೂ ಬೆಂಕಿ. ಎತ್ತ ಕಾಲಿಟ್ಟರೂ ಅವಳ ಮೇಲೇ ಬರುತ್ತದೆ. ಸ್ಮಿತಾಳಿಗೆ ಇದೆಲ್ಲ ಮೊದಲ ವರ್ಷದಿಂದಲೇ ಗೊತ್ತಿತ್ತು. ಪ್ರತಿ ವರ್ಷ ಈ ಕಸವನ್ನು ಅಳೆದು, ಬೆಳೆಯುವುದನ್ನು ನೋಡಿ, ಒದ್ದೆ ಎಂದು ಬರೆದು, ರಾತ್ರಿ ಊಟಕ್ಕೆ ನನ್ನೆದುರು ಕೂರುತ್ತಿದ್ದಳು.

“ಮಾತು ತಿರುಗಿ ತಗೋತೀನಿ,” ಅಂದೆ. “ಹಚ್ಚು.”

ಆದರೆ ಈಗ ಹಾಗೆ ಹಚ್ಚುವಂತಿರಲಿಲ್ಲ. ನಾಲ್ಕು ವರ್ಷದ ಕಸದ ಮೇಲೆ ಸುಮ್ಮನೆ ಬೆಂಕಿ ಇಟ್ಟರೆ ಹೆದರಿದ್ದೇ ಆಗುತ್ತದೆ. ಮೊದಲು ಪ್ರತಿಯೊಂದು ಹಳೆಯ ಮರದ ಬುಡದಿಂದ ಕಸವನ್ನು ಕೈಯಿಂದ ಬಾಚಿ ದೂರ ಹರವಬೇಕು. ಆಮೇಲೆ ಒಂದು ಮಳೆ ಬಂದು ಕೆಳಗಿನ ಪದರ ನೆನೆದು, ಮೇಲಿನ ಎಲೆ ಮಾತ್ರ ಒಣಗಿದ ದಿನಕ್ಕಾಗಿ ಕಾಯಬೇಕು. ಏಳನೆಯ ತಾಕಿನಲ್ಲಿ ಅಂಥ ಮರಗಳು ನೂರಾ ನಲವತ್ತು.

ಮಾರ್ಚ್ ತಿಂಗಳೆಲ್ಲ ಬಾಚಿದೆವು. ನನಗೆ ಕಬ್ಬಿಣದ ಹಲ್ಲಿನ ರೇಕ್ ಕೊಟ್ಟರು. ಶನಿವಾರ ಅಮೃತ್ ಬರುತ್ತಿದ್ದರು. ಹೇಗೋ ಸುದ್ದಿ ತಿಳಿದು ಕೇಶವಮೂರ್ತಿಯವರೂ ಕೈಗವಸು ಹಾಕಿಕೊಂಡು ಬಂದರು.

“ಅಂಕಲ್, ಬ್ಯಾಕ್‌ಯಾರ್ಡಲ್ಲಿ ಎಲೆ ರೇಕ್ ಮಾಡ್ರೀ ಅಂತ ನಮ್ಮನೆಯವಳು ಆರು ತಿಂಗಳಿಂದ ಬಡ್ಕೋತಿದಾಳೆ. ಇಲ್ಲಿ ಬಂದು ಕಾಡು ಬಾಚ್ತಾ ಇದೀನಿ ಅಂತ ಗೊತ್ತಾದ್ರೆ ನಂಗೆ ಮನೆ ಒಳಗೆ ಎಂಟ್ರಿ ಇಲ್ಲ.”

“ನಿಮಗ ಮಣ್ಣ ಕೊಡಾಕ ಇಲ್ಲೇ ಜಾಗಾ ಅದರಿ,” ಅಂದರು ಅಮೃತ್.

“ನಮ್ಮದು ಕ್ರಿಮೇಶನ್ ಕಣಯ್ಯ. ಫಾರ್ಮ್ ನಾನೇ ಫಿಲ್ ಮಾಡಿದ್ದಲ್ವಾ, ನಂಗೆ ಬರುತ್ತೆ.”

ನಾನೂ ನಕ್ಕೆ. ನಾಲ್ಕು ವರ್ಷದಲ್ಲಿ ಆ ಗುಡ್ಡದ ಮೇಲೆ ನಕ್ಕದ್ದು ಅದೊಂದು ಸಲ.

ಆ ತಿಂಗಳ ನಡುವೆ ಸ್ಮಿತಾ ಒಂದು ಪತ್ರ ಬರೆದಳು. ಏಳನೆಯ ತಾಕು ಒದ್ದೆ ಎಂದು ನಾಲ್ಕು ವರ್ಷ ಬರೆದದ್ದು ನಿಜವಲ್ಲ ಎಂದು ಟ್ರಸ್ಟಿಗೂ ತನ್ನ ಸಂಸ್ಥೆಗೂ ತಿಳಿಸುವ ಪತ್ರ. ಬರೆಯುವ ಮೊದಲು ನನ್ನನ್ನು ಕೇಳಿದಳು.

“ಕಾರಣಾ ಏನಂತ ಬರೀಲಿ?”

“ಖರೇ ಕಾರಣಾ ಬರಿ.”

“ಅಪ್ಪಗ ಕೊಟ್ಟ ಮಾತು ಅಂತ ಬರದ್ರ ನಗತಾರ, ಅಪ್ಪಾಜಿ.”

“ನಗಲಿ. ನಿನಗ ಮಾತ ಕೇಳಿದಾಂವ ನಾ. ನನ್ನ ಹೆಸರೂ ಬರಿ.”

ಯಾರೂ ನಗಲಿಲ್ಲ. ಆ ಗುಡ್ಡದ ಅಳತೆಗಳನ್ನು ಸೇರಿಸಿ ಅವಳು ಪ್ರಕಟಿಸಿದ ಒಂದು ಲೇಖನವನ್ನು ಹಿಂದೆ ತೆಗೆದುಕೊಳ್ಳಬೇಕಾಯಿತು. ವಿಚಾರಣೆ ಮುಗಿಯುವವರೆಗೆ ಬೆಂಕಿಯ ಕೆಲಸದ ಮುಂದಾಳಾಗಬಾರದು ಎಂದು ಆಜ್ಞೆ ಬಂತು. ಆ ವಿಚಾರಣೆ ಇಂದಿಗೂ ಮುಗಿದಿಲ್ಲ. ಅವಳು ದಿನಾ ಆಫೀಸಿಗೆ ಹೋಗುತ್ತಾಳೆ, ಬರುತ್ತಾಳೆ. ಹೊಸ ಕೆಲಸ ಕೊಡುವುದಿಲ್ಲ, ಬಿಡು ಎಂದೂ ಹೇಳುವುದಿಲ್ಲ. ತಂದೆಯಾಗಿ ಅದನ್ನು ನೋಡುತ್ತ ಕೂರುವುದು ನನ್ನ ಪಾಲಿಗೆ ಬಂದಿದೆ.

ಏಪ್ರಿಲ್ ಮೊದಲ ವಾರ ಒಳ್ಳೆಯ ಮಳೆಯಾಯಿತು. ಮೂರನೆಯ ದಿನ ವಾಲ್ಟರ್ ಫೋನು ಮಾಡಿ, ನಾಳೆ ಗಾಳಿ ಸರಿಯಾಗಿದೆ, ತಾನೇ ಮುಂದೆ ನಿಂತು ಮಾಡಿಸುತ್ತೇನೆ ಅಂದರು. ಸ್ಮಿತಾ ಕೆಲಸದವಳಾಗಿ ಇರಬಹುದು, ಅಪ್ಪಣೆ ಕೊಡುವವಳಾಗಿ ಅಲ್ಲ.

ಬೆಳಿಗ್ಗೆ ನಾವು ಹೋದಾಗ ಅವಳು ಸಮಾಧಿಯ ಹತ್ತಿರ ಗುದ್ದಲಿ ಹಿಡಿದು ನಿಂತಳು.

“ಅಪ್ಪಾಜಿ, ಸುತ್ತ ಮಣ್ಣ ಕಾಣೂ ಹಂಗ ಒಂದ್ ಗೆರಿ ಕೆತ್ತಿಬಿಡ್ತೀನಿ. ಬೆಂಕಿ ಆ ಗೆರಿ ದಾಟೂದಿಲ್ಲ. ವಾಲ್ಟರ್ ಹೂಂ ಅಂದಾರ. ಸುತ್ತಲಿಂದು ಸುಡತದ, ಅವ್ವಂದು ಉಳೀತದ.”

ಇದಕ್ಕಿಂತ ನನಗೆ ಬೇರೇನು ಬೇಕಿತ್ತು? ನಾಲ್ಕು ವರ್ಷ ಹಿಂದೆ ನಾನು ಕೇಳಿದ್ದೇ ಇದು. ಹೂಂ ಅನ್ನಲು ಬಾಯಿ ತೆರೆದೆ. ಆದರೆ ಒಂದು ತಿಂಗಳು ಆ ನೆಲವನ್ನು ಬಾಚಿದ ತೋಳು ಇನ್ನೂ ನೋಯುತ್ತಿತ್ತು. ನಾನು ಮೇಲೆ ನೋಡಿದೆ. ಎಡಗಡೆಯ ಪೈನ್ ಮರದ ಕೊಂಬೆ ಸರಿಯಾಗಿ ಸಮಾಧಿಯ ಮೇಲೆ ಚಾಚಿತ್ತು.

“ಈ ಗೆರಿ ಒಳಗ ಎಲಿ ಬೀಳೂದು ನಿಲ್ಲತದೇನು?”

“ಇಲ್ರಿ.”

“ಎರಡ ವರ್ಷಕ್ಕ ಮತ್ತ ಕೂಡತದ. ನಾಕ ವರ್ಷಕ್ಕ ಮತ್ತ ಗೇಣ ಆಗತದ. ಆವಾಗ ಬಾಚವರು ಯಾರು? ನಾ ಇರೂದಿಲ್ಲ. ನೀ ಈ ಗುಡ್ಡದ ಕೆಲಸದಾಗ ಇರತಿ ಅಂತ ಗ್ಯಾರಂಟಿ ಇಲ್ಲ.”

“ನಾ ಬರತೀನಿ ಅಪ್ಪಾಜಿ. ಎಲ್ಲೇ ಇದ್ರೂ ವರ್ಷಕ್ಕೊಮ್ಮೆ ಬಂದು ಬಾಚತೀನಿ.”

“ಇನ್ನೊಂದ್ ಮಾತ ಕೊಡೂದ ಬ್ಯಾಡ,” ಅಂದೆ. “ಗೆರಿ ಬ್ಯಾಡ.”

ಅವಳು ಗುದ್ದಲಿ ಇಳಿಸಿದಳು. ಅವಳ ಮುಖವನ್ನು ನೋಡುವ ಧೈರ್ಯ ನನಗಾಗಲಿಲ್ಲ. ನಾನು ಕೈಯಿಂದಲೇ ಸಮಾಧಿಯ ಮೇಲಿನ ಎಲೆಗಳನ್ನು ತೆಳ್ಳಗೆ, ಚಾಪೆಯಷ್ಟು ತೆಳ್ಳಗೆ ಹರವಿದೆ. ದಪ್ಪನೆಯದೆಲ್ಲ ತೆಗೆದುಹಾಕಿದೆ. ಆಮೇಲೆ ನನ್ನನ್ನು ಕಾರಿನಲ್ಲಿ ಕೂರಿಸಿ, ಗಾಜು ಏರಿಸಿ, ತಾಕಿನ ಆಚೆಯ ಮಣ್ಣುರಸ್ತೆಯಲ್ಲಿ ನಿಲ್ಲಿಸಿದರು. ಬೆಂಕಿಯ ಬಟ್ಟೆ ಇಲ್ಲದವರು ಒಳಗೆ ಇರಬಾರದು.

ಅವರು ಗಾಳಿ ಬೀಸಿ ಹೋಗುವ ಕಡೆಯ ಅಂಚಿನಿಂ​ದ ಶುರುಮಾಡಿದರು. ಹಳದಿ ಅಂಗಿ ತೊಟ್ಟ ಐದು ಜನ. ಕೈಯಲ್ಲಿ ಮೂತಿಯಿಂದ ಬೆಂಕಿ ಹನಿಸುವ ಡಬ್ಬಿ. ಅವರಲ್ಲಿ ನನ್ನ ಮಗಳು ಯಾರೆಂದು ನಡಿಗೆಯಿಂದ ಗುರುತಿಸಿದೆ. ಅವಳ ತಾಯಿಯ ನಡಿಗೆ ಅದು, ಬಲಗಾಲು ಸ್ವಲ್ಪ ಹೊರಕ್ಕೆ. ಬೆಂಕಿ ಮೊಣಕಾಲೆತ್ತರ ಇತ್ತು. ಹೊಗೆ ನೇರವಾಗಿ ನನ್ನ ಕಡೆಗೆ ಬಂತು. ಗಾಜು ಮುಚ್ಚಿದ್ದರೂ ಕಾರಿನೊಳಗೆ ವಾಸನೆ ತುಂಬಿತು. ಹೊರಗೆ ಬಿಳಿಯ ಗೋಡೆ ಎದ್ದಂತಾಗಿ ಮರ, ಮನುಷ್ಯ, ಗುಡ್ಡ ಒಂದೂ ಕಾಣದಾಯಿತು. ನಾನು ಬಾಗಿಲಿನ ಹಿಡಿಕೆಯನ್ನು ಹಿಡಿದುಕೊಂಡು ಕುಳಿತೆ. ತೆರೆದು ಓಡಿದ್ದರೆ ಎಲ್ಲಿಗೆ ಓಡುತ್ತಿದ್ದೆ? ಅವಳ ಮೇಲೆ ಅದು ಹಾಯುವ ಗಳಿಗೆ ಯಾವುದೆಂದು ತಿಳಿಯಲಿಲ್ಲ. ಈಗ ಇರಬೇಕು, ಈಗ ಇರಬೇಕು ಎಂದು ಪ್ರತಿ ಉಸಿರಿಗೂ ಅಂದುಕೊಂಡೆ. ಮೂರು ಮಾಲೆ ಜಪ ಮುಗಿಯಿತು. ನಾಲ್ಕನೆಯದರ ಎಣಿಕೆ ತಪ್ಪಿತು.

ಬಹಳ ಹೊತ್ತಿನ ಮೇಲೆ ಸ್ಮಿತಾ ಬಂದು ಬಾಗಿಲು ತೆರೆದಳು. ಮುಖವೆಲ್ಲ ಮಸಿ.

“ಆತ್ರಿ,” ಅಂದಳು. “ಅವ್ವನ ಹತ್ರ ನಾನ ಹಚ್ಚಿದೆ. ಬ್ಯಾರೆದವರ ಕೈಯಾಗ ಕೊಡಲಿಲ್ಲ.”

ನಾನು ಅವಳ ತಲೆಯ ಮೇಲೆ ಕೈ ಇಟ್ಟೆ.

ಮುಂದಿನ ಸೋಮವಾರ ಗುಡ್ಡ ಕಪ್ಪಾಗಿ ಮಲಗಿತ್ತು. ಎಡಗಡೆಯ ಮರ ಬದುಕಿದೆ ಎಂದು ವಾಲ್ಟರ್ ತೊಗಟೆ ಮುಟ್ಟಿ ಹೇಳಿದರು. ಒಂದೆರಡು ಮೊಂಡ ಬೊಡ್ಡೆಗಳು ಮಾತ್ರ ಇನ್ನೂ ಹೊಗೆಯಾಡುತ್ತಿದ್ದವು, ಅವು ದೂರದವು. ನಾನು ಸಮಾಧಿಯ ಮಣ್ಣಿನಲ್ಲಿ ಬೆರಳು ಇಳಿಸಿದೆ. ಮಣ್ಣು ತಣ್ಣಗಿತ್ತು, ಸ್ವಲ್ಪ ತೇವವೂ ಇತ್ತು. ಇಷ್ಟಾದರೂ ನನ್ನ ಮನಸ್ಸು ಹಗುರಾಗಲಿಲ್ಲ. ಹಿರಿಯರು ನಡೆಸಿಕೊಂಡು ಬಂದದ್ದನ್ನು ನಾನು ಮುರಿದೆನೋ ಉಳಿಸಿದೆನೋ ಎಂದು ಕೇಳಲು ನನಗಿಂತ ಹಿರಿಯರು ಯಾರೂ ಉಳಿದಿಲ್ಲ. ಮೇಲೆ ಬಿದ್ದಿದ್ದ ಬೂದಿಯನ್ನು ನಾನು ಹಣೆಗೆ ಹಚ್ಚಲಿಲ್ಲ. ವಿಭೂತಿ ಬೇರೆ, ಕಾಡಿನ ಬೂದಿ ಬೇರೆ. ಕಣ್ಣು ಮುಚ್ಚಿ ಕೈ ಮುಗಿದೆ.

ಶಿವನೇ, ರೇಣುಕಾದೇವಿ ನಲವತ್ತೆಂಟು ವರ್ಷ ನನ್ನ ಮನೆ ನಡೆಸಿದವಳು, ನಿನ್ನನ್ನು ಒಂದು ದಿನವೂ ಮರೆತವಳಲ್ಲ. ಅವಳನ್ನು ನಿನಗೆ ಒಪ್ಪಿಸುವಾಗ ನನ್ನಿಂದ ಆದ ಕೊರತೆಗಳೆಲ್ಲ ನನ್ನ ಮೇಲಿರಲಿ, ಅವಳಿಗೆ ತಟ್ಟದಿರಲಿ. ಮೇಲೆ ಏನು ಹಾದು ಹೋದರೂ ಕೆಳಗೆ ಅವಳಿಗೆ ತಂಪಿರಲಿ. ಅವಳು ನಿನ್ನಲ್ಲಿ ನೆಮ್ಮದಿಯಾಗಿರಲಿ, ತಂದೆಯೇ. ಅವಳಿಗೆ ಶಾಂತಿ ಇರಲಿ.